‘ಓಯ್ತೀನಿ’ ಅನ್ನುವ ಕೆಟ್ಟ ಮಾತು

ನನ್ನ ಕೆಲಸ ಏನು ಎಂಬುದು ನಮ್ಮ ಮನೆಯವರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ. ಮಂಡ್ಯದ ಗುತ್ತಲಿನ ನಮ್ಮ ಬೀದಿಯಲ್ಲಿ ನನ್ನನ್ನು ‘ತಲೆ ಡಾಕ್ಟ್ರು’ ಅನ್ನುತ್ತಾರೆ. ನಾನು ಡಾಕ್ಟರೂ ಅಲ್ಲ, ಯಾರ ತಲೆಗೂ ಕೈಹಾಕುವವಳೂ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಅಂಗನವಾಡಿಗಳಿಗೆ ಹೋಗುತ್ತೇನೆ. ಯಾವುದಾದರೂ ಮಗು ಕಚ್ಚುತ್ತಿದ್ದರೆ, ಮಾತು ಬಿಟ್ಟಿದ್ದರೆ, ಅಳು ನಿಲ್ಲಿಸದಿದ್ದರೆ ಅದರ ಮನಸ್ಸಿನಲ್ಲಿ ಏನು ನಡೆದಿರಬಹುದು ಎಂದು ಟೀಚರ ಜೊತೆಗೂ ಮನೆಯವರ ಜೊತೆಗೂ ಕೂತು ಯೋಚಿಸುತ್ತೇನೆ. ಮಗುವಿಗೆ ಔಷಧಿ ಕೊಡುವುದಿಲ್ಲ. ಸುತ್ತ ಇರುವ ದೊಡ್ಡವರನ್ನು ಒಂದಿಷ್ಟು ತಿದ್ದಲು ನೋಡುತ್ತೇನೆ, ಅಷ್ಟೆ. ಆ ಕೆಲಸಕ್ಕೆ ಬೇಕಾದಷ್ಟು ತಾಳ್ಮೆ ನನಗಿಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಪೂರಿಗಾಲಿಯ ಹತ್ತಿರದ ಒಂದು ಅಂಗನವಾಡಿಗೆ ಕರೆದರು. ಹೋದಾಗ ನಾಲ್ಕು ವರ್ಷದ ಹುಡುಗಿಯೊಬ್ಬಳು ಹೊಸ್ತಿಲ ಪಕ್ಕ ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡೇ ಕೂತಿದ್ದಳು. ಮುಖ ರಸ್ತೆಯ ಕಡೆ. ಒಳಗೆ ಮಕ್ಕಳು ಹಾಡುತ್ತಿದ್ದರೂ ಇತ್ತ ತಿರುಗಲಿಲ್ಲ.

“ಮೂರು ತಿಂಗಳಾಯ್ತು ಮೇಡಮ್, ಇಲ್ಲಿ ಒಂದು ತುತ್ತು ಉಂಡಿಲ್ಲ. ಎತ್ತಿ ಒಳಗೆ ಕೂರಿಸಿದ್ರೆ ಕಚ್ತಾಳೆ, ಮಾತಂತೂ ಇಲ್ವೇ ಇಲ್ಲ” ಎಂದರು ಟೀಚರ್. ಮಗು ಇಳಿದುಹೋಗಿತ್ತು, ತೋಳು ಹಿಡಿದರೆ ಮೂಳೆಯೇ ಕೈಗೆ ಸಿಗುತ್ತಿತ್ತು. ಅಡುಗೆ ಮಾಡುವ ಆಯಮ್ಮ ತಾಯಿತ ಕಟ್ಟಿಸಬೇಕು ಅಂದರು. ಟೀಚರು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ತಾಯಿಗೆ ಹೇಳುವುದೇ ಸರಿ ಅಂದರು. ಹಾಗೆ ಹೇಳಿದರೆ ತಾಯಿ ಮದ್ದೂರಿನ ಗಾರ್ಮೆಂಟ್ ಕೆಲಸ ಬಿಡಬೇಕಾಗುತ್ತಿತ್ತು. ಮನೆಯಲ್ಲಿ ಇನ್ನೊಬ್ಬರೆಂದರೆ ಅಜ್ಜಿ, ಅವರು ಕೂಲಿಗೆ ಹೋಗುವವರು. ಮಗು ಉಣ್ಣಬೇಕು, ತಾಯಿಯ ಕೆಲಸವೂ ಉಳಿಯಬೇಕು. ಎರಡೂ ಆ ಹೊಸ್ತಿಲ ಮೇಲೆ ಕೂತಿದ್ದವು.

ನಾನು ಗಂಟೆ ಹೊತ್ತು ಅವಳ ಪಕ್ಕ ಕೂತು ಬೆಂಕಿಪೊಟ್ಟಣಗಳಲ್ಲಿ ಮನೆ ಕಟ್ಟಿದೆ. ಅವಳು ನೋಡಲಿಲ್ಲ. ಅಂಗನವಾಡಿಯ ಭೇಟಿ ಪುಸ್ತಕದಲ್ಲಿ, ‘ಕಿವಿ ಪರೀಕ್ಷೆ ಮಾಡಿಸಿ, ಮಾತಿನ ಬೆಳವಣಿಗೆ ನೋಡಿ’ ಎಂದು ಜಾಣೆಯ ಹಾಗೆ ಬರೆದು ಎದ್ದೆ. ಹೊರಡುವಾಗ ರೂಢಿಯಂತೆ “ಬರ್ತೀನಿ ಕಣವ್ವ” ಅಂದೆ. ತಟ್ಟನೆ ತಲೆಯೆತ್ತಿ ನನ್ನ ಮುಖ ನೋಡಿದಳು. ಬಸ್ಸಿನಲ್ಲಿ ಮಳವಳ್ಳಿ ತಲುಪುವವರೆಗೂ ನಾನು ಬೀಗುತ್ತಿದ್ದೆ. ಮೊದಲ ದಿನವೇ ಮಗು ನನ್ನನ್ನು ಒಪ್ಪಿಕೊಂಡಿತಲ್ಲ ಅಂತ.

ಹದಿನೈದು ದಿನ ಬಿಟ್ಟು ಹೋದಾಗ ಆಯಮ್ಮ ನನ್ನನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದರು.

“ಬತ್ತೀನಿ ಅಂದ್ಬುಟ್ಟು ಓದ್ರಲ್ಲ ಮೇಡಮ್ಮೋರೆ, ಅವತ್ತು ಬಾಗ್ಲಾಕೋವರ್ಗೂ ನಿಮ್ಮ ದಾರಿನೇ ನೋಡ್ಕಂಡು ಕುಂತಿತ್ತು ಕೂಸು. ಮಾರ್ನೆ ದಿನವೂವೆ. ಒಳಕ್ಕೆ ಬಾ ಅಂದ್ರೆ, ‘ಆವಮ್ಮ ಬತ್ತೀನಿ ಅಂದ್ಲು’ ಅಂತು. ಇಲ್ಲಿ ಅದು ಬಾಯ್ಬುಟ್ಟಿದ್ದೇ ಅವತ್ತು.”

ನನಗೆ ನನ್ನ ಮೇಲೇ ಸಿಟ್ಟು ನೆತ್ತಿಗೇರಿತು. ಅದರ ಕಿವಿಗೆ ಏನಾಗಿತ್ತು? ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳುತ್ತಿತ್ತು. ನಮ್ಮ ಕಡೆ ಯಾರೂ ‘ಹೋಗ್ತೀನಿ’ ಅಂತ ಹೇಳಿ ಹೊಸ್ತಿಲು ದಾಟುವುದಿಲ್ಲ. ‘ಹೋದರು’ ಅಂದರೆ ಸತ್ತರು ಅಂತಲೇ ಅರ್ಥ. ಪರೀಕ್ಷೆಗೆ ಹೊರಟ ದಿನ ಬಾಯಿತಪ್ಪಿ ‘ಹೋಗ್ತೀನಿ’ ಅಂದಿದ್ದಕ್ಕೆ ನನ್ನ ತಾಯಿ ತಲೆಗೆ ಮೊಟಕಿ, ವಾಪಸ್ಸು ಕೂರಿಸಿ, ನೀರು ಕುಡಿಸಿ ಕಳಿಸಿದ್ದರು. ಅಂದಿನಿಂದ ತರಕಾರಿಯವಳಿಗೂ ಬರ್ತೀನಿ, ಇನ್ನೊಮ್ಮೆ ಮುಖ ನೋಡದ ಆಫೀಸಿನ ಗುಮಾಸ್ತರಿಗೂ ಬರ್ತೀನಿ. ಅದು ಬರುವ ಮಾತಲ್ಲ, ಹೊರಡುವ ಮಾತು ಎಂದು ದೊಡ್ಡವರಿಗೆ ಗೊತ್ತು. ನಾಲ್ಕು ವರ್ಷದ ಮಗುವಿಗೆ ಯಾರು ಹೇಳಿದ್ದಾರೆ? ಅದು ಮಾತನ್ನು ಇದ್ದ ಹಾಗೆ ನಂಬಿತ್ತು.

ತಾಯಿಗೆ ರಜೆ ಇದ್ದ ಭಾನುವಾರ ಟೀಚರೂ ನಾನೂ ಅವರ ಮನೆಗೆ ಹೋದೆವು. ಇಪ್ಪತ್ತೈದರ ಆಸುಪಾಸಿನ ಹೆಂಗಸು, ನಮ್ಮನ್ನು ಕಂಡೊಡನೆ ಕಣ್ಣು ತುಂಬಿಕೊಂಡಳು. ದಿನಾ ಬೆಳಿಗ್ಗೆ ಏನು ಹೇಳಿ ಹೊರಡುತ್ತೀ ಎಂದು ಕೇಳಿದೆ.

“ಅಂಗ್ಡಿಗೋಗಿ ಬತ್ತೀನಿ ಅಂತ ಯೋಳ್ಬುಟ್ಟು ಬಸ್ ಅತ್ತದು ಮೇಡಮ್. ಕೆಲ್ಸಕ್ಕೆ ಅಂದ್ರೆ ಅತ್ತು ರಂಪ ಮಾಡ್ತಳೆ. ಇವ್ಳು ಅಳೋದ ನೋಡ್ಬುಟ್ರೆ ನಂಗೆ ಕಾಲೇ ಬರಲ್ಲ.”

ಅಂಗಡಿ ಅಲ್ಲೇ ಎದುರಿಗೆ, ಹತ್ತು ಹೆಜ್ಜೆ. ಹತ್ತು ಹೆಜ್ಜೆಗೆ ಹೋದ ಅವ್ವ ಕತ್ತಲಾಗುವವರೆಗೆ ಬರುವುದಿಲ್ಲ. ಎಲ್ಲೋ ಏನೋ ಆಗಿದೆ, ಕಣ್ಣು ಕೀಳದೆ ಕಾಯಬೇಕು ಎಂದು ಮಗು ಕಾಯುತ್ತಿತ್ತು. ಕಾಯುವವಳು ಉಣ್ಣುವುದು ಯಾವಾಗ?

“ನಾಳೆಯಿಂದ ನಿಜ ಹೇಳಮ್ಮ. ‘ಕೆಲಸಕ್ಕೆ ಹೋಗ್ತೀನಿ’ ಅನ್ನು. ಯಾವಾಗ ಬರ್ತೀಯ ಅನ್ನೋದನ್ನೂ ಹೇಳು. ಅಳಲಿ” ಅಂದೆ.

ಅಲ್ಲಿಯವರೆಗೆ ಗೋಡೆಗೊರಗಿ ಸುಮ್ಮನಿದ್ದ ಅಜ್ಜಿ ರೇಗಿಬಿಟ್ಟರು. “ಓದಿರೋರು ಆಡೋ ಮಾತಾ ಇದು? ಒತ್ತಾರೆ ಎದ್ದು ಓಯ್ತೀನಿ ಅಂತ ಅನ್ಬೇಕಾ? ಇರೋಳೊಬ್ಳು ಸೊಸೆ. ಅವ್ಳಿಗೆ ಏನಾರಾ ಆದ್ರೆ ನೀನು ಬತ್ತೀಯಾ?”

ನಾನೂ ದನಿ ಏರಿಸಿದೆ. “ಮಗು ಮೂರು ತಿಂಗಳಿಂದ ಮಧ್ಯಾಹ್ನ ಉಪವಾಸ ಇದೆ. ಅದಕ್ಕಿಂತ ಕೆಟ್ಟದ್ದು ಇನ್ನೇನಾಗಬೇಕು?” ಹಿರಿಯರ ಮುಂದೆ ಹಾಗೆ ಕೂಗಬಾರದಿತ್ತು. ಟೀಚರ್ ನನ್ನ ಸೆರಗು ಜಗ್ಗಿದರು.

ಅಜ್ಜಿ ಬಾಗಿಲ ಕಡೆ ನೋಡಿದರು. ಮೊಮ್ಮಗಳು ಅಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಆಮೇಲೆ ಅಜ್ಜಿ ಸೊಸೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ನನ್ನ ಮಗ ವಾರ ಬುಟ್ಟು ಬತ್ತೀನಿ ಅಂತ್ಲೇ ಓದ. ಎರಡ್ ವರ್ಸ ಆಯ್ತು, ಇನ್ನೊಬ್ಳ ಜೊತೆ ಅವ್ನೆ. ಬತ್ತೀನಿ ಅಂದೋನೇ ಬರ್ನಿಲ್ಲ, ಇನ್ನು ಓಯ್ತೀನಿ ಅಂದ್ರೆ ಏನಾದದು? ಯೋಳ್ಬುಡು ಕಣಮ್ಮಿ.”

ನಾನು ಓದಿದ ಯಾವ ಪಾಠದಲ್ಲೂ ಅಂಥ ಧೈರ್ಯ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿಗೆ ನಾನೂ ಹೋಗಿದ್ದೆ. ತಾಯಿ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು, “ಓಯ್ತೀನಿ ಕಣ್ಮಗ. ಅಂಗ್ಡಿಗಲ್ಲ, ಮದ್ದೂರಿಗೆ ಕೆಲ್ಸಕ್ಕೆ ಓಯ್ತೀನಿ. ದೀಪ ಅಚ್ಚೋ ಒತ್ಗೆ ಬತ್ತೀನಿ” ಅಂದಳು. ಬಸ್ಸಿನ ಕಿಟಕಿಗಳಿಂದ ಜೊತೆಯ ಹೆಂಗಸರು, “ಅಯ್ಯೋ, ಒತ್ತಾರೇ ಎಂಥಾ ಮಾತಮ್ಮಿ! ಬುಡ್ತು ಅನ್ನು, ಬುಡ್ತು ಅನ್ನು” ಎಂದು ಕೂಗಿದರು. ಅವಳು ‘ಬುಡ್ತು’ ಅನ್ನಲಿಲ್ಲ, ಬಸ್ ಹತ್ತಿದಳು. ಮಗು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಿತು. ಅಜ್ಜಿ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. ನಾನು ತಪ್ಪು ಮಾಡಿಸಿದೆನೇನೋ ಎಂದು ನನಗೂ ಭಯವಾಯಿತು.

ಅಂಗನವಾಡಿಯಲ್ಲಿ ಟೀಚರ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಅವ್ವ ಹೋದ್ಲು ಅಲ್ವಾ? ಬೇಜಾರು. ಅಳು ಮಗ. ದೀಪ ಹಚ್ಚೋ ಹೊತ್ಗೆ ಬರ್ತಾಳೆ” ಎಂದು ಅದನ್ನೇ ಹೇಳುತ್ತಿದ್ದರು. ಈಗ ಬರ್ತಾಳೆ, ಇನ್ನೇನು ಬಂದ್ಲು ಎಂಬ ಸುಳ್ಳುಗಳನ್ನೆಲ್ಲ ಬಿಡಬೇಕೆಂದು ನಾವು ಒಪ್ಪಂದ ಮಾಡಿಕೊಂಡಿದ್ದೆವು. ಆಯಮ್ಮನ ನಾಲಿಗೆ ಮಾತ್ರ ದಿನಕ್ಕೆ ಹತ್ತು ಸಲ ತಪ್ಪುತ್ತಿತ್ತು. ಮೊದಲ ವಾರ ಬರೀ ಅಳು. ಎರಡನೇ ವಾರ ಅಳು ಮುಗಿದ ಮೇಲೆ ಅರ್ಧ ಮೊಟ್ಟೆ ತಿಂದಳು ಎಂದು ಟೀಚರ್ ಫೋನು ಮಾಡಿದರು. ನಾನು ಮಂಡ್ಯದ ಮಾರುಕಟ್ಟೆಯಲ್ಲಿ ಸೊಪ್ಪು ಹಿಡಿದುಕೊಂಡು ನಿಂತು ಅತ್ತುಬಿಟ್ಟೆ. ಸೊಪ್ಪಿನವಳು ಗಾಬರಿಯಾಗಿ ಇನ್ನೊಂದು ಕಂತೆ ಸುಮ್ಮನೆ ಹಾಕಿದಳು.

ಎರಡು ತಿಂಗಳ ನಂತರ ನನಗೆ ಮಳವಳ್ಳಿ ಕಡೆಯ ಕೆಲಸ ಮುಗಿಯಿತು, ಬೇರೆ ಕಡೆ ಹಾಕಿದರು. ಕೊನೆಯ ಸಲ ಹೋದಾಗ ಅವಳು ಒಳಗೆ, ಮಕ್ಕಳ ಸಾಲಿನ ನಡುವೆ, ರಸ್ತೆಗೆ ಬೆನ್ನು ಹಾಕಿ ಕೂತು ಅನ್ನ ಸಾರು ಕಲೆಸುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು. ಪಕ್ಕದ ಹುಡುಗನ ತಟ್ಟೆಗೂ ಕೈಹಾಕುತ್ತಿದ್ದಳು. ನಾನು ಚೀಲ ಎತ್ತಿಕೊಂಡಾಗ ನಾಲಿಗೆಯ ತುದಿಗೆ ‘ಬರ್ತೀನಿ’ ಬಂತು. ನುಂಗಿಕೊಂಡು ಅವಳ ಮುಂದೆ ಕೂತೆ.

“ನಾನು ಹೋಗ್ತೀನಿ ಕಣವ್ವ.”

“ಯಾವಾಗ ಬತ್ತೀಯಾ?”

“ಇಲ್ಲಿಗೆ ಇನ್ನು ಬರಲ್ಲ. ಬೇರೆ ಊರಿನ ಮಕ್ಕಳನ್ನ ನೋಡೋಕೆ ಹೋಗ್ಬೇಕು.”

ತುತ್ತು ಬಾಯಲ್ಲೇ ಇತ್ತು. ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಅಗಿದು ನುಂಗಿದಳು.

“ಸರಿ, ಓಗು. ಆ ಮಕ್ಳಿಗೂವೆ ಯೋಳ್ಬುಟ್ಟು ಓಗು.”