ಮಗಳ ಎರಡನೇ ಆಲ್ಬಮ್ಮು, ಸೆಕ್ರೆಟರಿಯ ಲಿಫ್ಟು

ಹೋದ ಭಾನುವಾರ ಬೆಳಿಗ್ಗೆ ಕಾಲಿಂಗ್ ಬೆಲ್ ಒಂದೇ ಸಮನೆ ಬಡಿದುಕೊಂಡಿತು. ಬಾಗಿಲಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ ರಾಯರು. ಕೈಯಲ್ಲಿ ಮೊಬೈಲು. ಅದರೊಳಗಿಂದ ನನ್ನ ಮಗಳ ಕಿರುಚಾಟ!

(ಕಿರುಚಾಟ ಅಂದರೆ ಅವಳಿಗೆ ಸಿಟ್ಟು. ಅದು ಪಂಕ್ ರಾಕ್ ಅಂತೆ. ಹೊಟ್ಟೆಯಲ್ಲಿರೋದನ್ನ ಗಂಟಲು ಹರಿಯೋ ಹಾಗೆ ಹೇಳೋ ಸಂಗೀತ.)

ಮಗಳು ಮೇಘನಾ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದಾಳೆ. ಮೊದಲನೇ ಆಲ್ಬಮ್ ಕೇಳಿದವರು ಅವರವರ ಅಪ್ಪ ಅಮ್ಮಂದಿರು ಮಾತ್ರ. ಎರಡನೆಯದು ಶುಕ್ರವಾರ ಬರೋದಿತ್ತು. ಅದರ ಒಂದು ಹಾಡನ್ನ ಮೊದಲೇ ನೆಟ್ಟಿಗೆ ಬಿಟ್ಟಿದ್ದರು. ಹೆಸರು 'ಲಿಫ್ಟ್'. ಹಾಡು ಹಿಂದಿಯದು, ಪಲ್ಲವಿ ಮಾತ್ರ ಅಪ್ಪಟ ಕನ್ನಡ: "ಇವಳನ್ನ ಯಾಕ್ರೀ ಈ ಲಿಫ್ಟಲ್ಲಿ ಕರ್ಕೊಂಡು ಬಂದ್ರಿ? ಬೆವರಿನ ನಾತ!"

ಈ ಮಾತು ಯಾರದ್ದು? ಸಾಕ್ಷಾತ್ ರಾಯರದ್ದೇ.

ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಸೊಸೈಟಿಯಲ್ಲಿ ಮನೆಕೆಲಸದವರಿಗೆ, ನಾಯಿಗೆ, ಕಸದ ಚೀಲಕ್ಕೆ ಸರ್ವಿಸ್ ಲಿಫ್ಟ್. ಮಿಕ್ಕವರಿಗೆ ಕನ್ನಡಿ ಇರೋ ಲಿಫ್ಟ್. ಹಾಗಂತ ಬೋರ್ಡೇ ಇದೆ. ಒಂದು ದಿನ ಸರ್ವಿಸ್ ಲಿಫ್ಟ್ ಕೆಟ್ಟಿತ್ತು. ನಮ್ಮ ಮನೆಕೆಲಸದ ಸುನೀತಾ ಹನ್ನೊಂದನೇ ಮಹಡಿಗೆ ಹತ್ತಬೇಕಾ? ನನ್ನ, ಮೇಘನಾಳ ಜೊತೆಗೇ ಕರೆದುಕೊಂಡೆ. ಅದೇ ಲಿಫ್ಟಿಗೆ ರಾಯರೂ ಬಂದರು. ಸುನೀತಾ ಬಿಹಾರದವಳು, ಮೇಘನಾ ಇಲ್ಲೇ ಬೆಳೆದವಳು. ಕನ್ನಡದಲ್ಲಿ ಅಂದರೆ ಇಬ್ಬರಿಗೂ ತಿಳಿಯಲ್ಲ ಅಂತ ರಾಯರು ನನಗೆ ಆ ಮಾತು ಹೇಳಿದರು.

ದೆಹಲಿ ಕನ್ನಡಿಗರು ಮಾಡೋದೇ ಇದಲ್ಲವೇ? ತರಕಾರಿ ಭಯ್ಯಾನನ್ನ ಅವನ ಮುಂದೆಯೇ ಕನ್ನಡದಲ್ಲಿ ಬೈಯೋದು! ಮೇಘನಾ ಕನ್ನಡ ಮಾತಾಡೋಕೆ ತಡವರಿಸ್ತಾಳೆ, ನಿಜ. ಆದರೆ ಕಿವಿ ಚುರುಕಾಗಿದೆ.

ರಾಯರು ಕೂರಲಿಲ್ಲ. "ಈ ಮನೆ ಕೊಡಿಸಿದ್ದು ನಾನು. ನಮ್ಮ ಕಡೆಯವರು ಅಂತ ಮಾಡಿದ್ದಕ್ಕೆ ಇದಾ ಮರ್ಯಾದೆ? ಆ ಹಾಡು ತೆಗೆಸಿ."

"ಅಂಕಲ್, ನಿಮ್ಮ ಹೆಸರು ಹೇಳೇ ಇಲ್ವಲ್ಲ," ಅಂದಳು ಮೇಘನಾ.

"ಥೇಟ್ ನನ್ನ ಹಾಗೇ ಅಂದಿದೀಯ! ಪಾರ್ಕಲ್ಲಿ ನಗ್ತಾರೆ ಜನ."

"ಅಚ್ಛಾ, ನೀವು ಲಿಫ್ಟ್ ಬೋರ್ಡ್ ತೆಗೀರಿ. ನಾನು ಗಾನಾ ತೆಗೀತೀನಿ. ಡೀಲ್?"

ಬಾಡಿಗೆ ಅಗ್ರಿಮೆಂಟ್ ಮುಂದಿನ ತಿಂಗಳು ಮುಗಿಯುತ್ತೆ. ನನ್ನ ಗಂಡ ಫೌಜಿನಲ್ಲಿ, ಗಡಿಯಲ್ಲಿ ಪೋಸ್ಟಿಂಗ್. ಮನೆ ಓನರ್ ಅಂತೂ ರಾಯರ ಮಾತು ಮೀರೋರಲ್ಲ. ಭಯವಾಯಿತು, ಸುಳ್ಳು ಯಾಕೆ ಹೇಳಲಿ? 'ಹೋಗಲಿ ಬಿಡೇ, ಒಂದು ಹಾಡು ತಾನೇ' ಅನ್ನೋದು ನಾಲಿಗೆ ತುದಿಗೆ ಬಂದಿತ್ತು.

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಲ್ಲಿದ್ದ ಸುನೀತಾಗೆ ಪಲ್ಲವಿಯ ಅರ್ಥ ಮೇಘನಾ ಮೊದಲೇ ಹೇಳಿದ್ದಳು.

"ನೀವು ಹೇಳಿದ್ರೆ ಕೇಳ್ತಾಳೆ, ಹೇಳಿ ಮೇಡಂ," ಅಂದರು ರಾಯರು.

"ಬೋಲೋ ಅಮ್ಮಾ. ತೆಗೀಲಾ?" ಮಗಳ ಕಣ್ಣು ತುಂಬಿತ್ತು.

"ಹಾಡು ಇರಲಿ," ಅಂದೆ.

"ಹಾಗಾದ್ರೆ ಬೇರೆ ಮನೆ ನೋಡ್ಕೊಳ್ಳಿ!" ಬಾಗಿಲು ಧಡಾರ್ ಅಂತು.

ಮರುದಿನವೇ ಓನರ್ ಫೋನು. ಖಾಲಿ ಮಾಡಬೇಕಂತೆ. ಶುಕ್ರವಾರ ಆಲ್ಬಮ್ ಬಂತು, 'ಲಿಫ್ಟ್' ಸಮೇತ. ನಾನು ಮನೆ ಹುಡುಕುತ್ತಿದ್ದೆ. ನಿನ್ನೆ ಬ್ರೋಕರ್ ಒಬ್ಬ ಹೊಸ ಟವರ್ ತೋರಿಸುತ್ತಾ ಎದೆಯುಬ್ಬಿಸಿದ. "ಮೇಡಂ ಜೀ, ಇಲ್ಲಿ ಕೆಲಸದವರಿಗೆ ಲಿಫ್ಟೂ ಬೇರೆ, ಗೇಟೂ ಬೇರೆ!"

ಮೂರನೇ ಆಲ್ಬಮ್ಮಿಗೆ ಹಾಡಿನ ಬರ ಇಲ್ಲ ಬಿಡಿ.