ಕೆಂಪು ಬಟ್ಟೆ ಬಿಚ್ಚಿದ ಕೈ

ಹೋದ ವಾರ ಕಾಲು ತೊಳೆದು ಮಿಕ್ಕ ನೀರನ್ನು ಗೋಡೆಯ ಬುಡಕ್ಕೆ ಚೆಲ್ಲಿದೆ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಟಪ್ ಎಂದು ಸದ್ದಾಯಿತು. ಮತ್ತೊಂದು ಟಪ್. ಸಣ್ಣದೇನೋ ಹಾರಿಬಂದು ಮೊಳಕಾಲಿಗೆ ತಾಗಿತು. ಬಗ್ಗಿ ನೋಡಿದರೆ ಕನಕಾಂಬರ. ಅದರ ಒಣಗಿದ ತೆನೆಯ ಮೇಲೆ ನೀರು ಬಿದ್ದರೆ ಕಾಯಿ ಸಿಡಿದು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಅದನ್ನು ನಾನು ನೆಟ್ಟಿರಲಿಲ್ಲ. ಜೀವಮಾನದಲ್ಲಿ ಒಂದು ಹೂವಿನ ಗಿಡ ನೆಟ್ಟವನಲ್ಲ ನಾನು. ಗೋಡೆಯ ಆಚೆ ಒಂದು ಕಾಲಕ್ಕೆ ಅತ್ತಿಗೆಯ ಹಿತ್ತಲಿತ್ತು...

ಅತ್ತಿಗೆ ಎಂದರೆ ನನ್ನ ದೊಡ್ಡಪ್ಪನ ಮಗನ ಹೆಂಡತಿ. ಅಣ್ಣ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ಮಕ್ಕಳಿರಲಿಲ್ಲ. ನಾಲ್ಕು ಮಂಚ ಹಾಕಿದರೆ ತುಂಬಿಹೋಗುವಷ್ಟು ಹಿತ್ತಲಿನಲ್ಲಿ ಅವರು ಹೂವು ಬೆಳೆಸುತ್ತಿದ್ದರು. ನಮ್ಮದು ತಮಿಳುನಾಡಿನ ಕಂಬಂ ಕಡೆ, ಮನೆಮಾತು ಕನ್ನಡ. ನಾನು ಪನ್ನೀರು ದ್ರಾಕ್ಷಿ ಬೆಳೆಯುವವನು. ನನ್ನ ಚಪ್ಪರದ ಹಣ್ಣು ಲಾರಿಯಲ್ಲಿ ಕೇರಳಕ್ಕೆ ಹೋಗುತ್ತಿತ್ತು. ಹೊಟ್ಟೆಗೂ ಸೇರದ, ಸಂತೆಗೂ ಹೋಗದ ಬೆಳೆಗೆ ಬೆಳಗಾಗೆದ್ದು ನೀರು ಹೊರುವ ಹೆಂಗಸನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಗುವುದಷ್ಟೇ ಅಲ್ಲ, ಆಡಿಯೂ ತೋರಿಸುತ್ತಿದ್ದೆ.

"ಏನತ್ತಿಗೆ, ಈ ವರ್ಷ ಚೆಂಡುಹೂವಿನ ಸಾರಾ, ದಾಸವಾಳದ ಪಲ್ಯವಾ?"

"ಚುಮ್ಮಾ ಇರು ತಮ್ಮಾ. ನಿನ್ನ ಬಳ್ಳಿ ಕಾಯಿ ಬುಡೋಕೆ ಮೊದಲು ಏನು ಬುಡ್ತದೆ? ಹೂವೇ ಅಲ್ವಾ?"

ಅವರ ಹಿತ್ತಲಲ್ಲಿ ಎರಡು ಬಗೆಯ ಗಿಡಗಳಿದ್ದವು. ಚೆಂಡುಹೂವು, ಕೋಳಿಜುಟ್ಟು, ಕರ್ಣಕುಂಡಲ ಒಂದೇ ವರ್ಷದವು. ಅವು ಹೂಬಿಟ್ಟು ಒಣಗಿದ ಮೇಲೆ ಬೀಜ ಉದುರಿಸಿ, ಬೂದಿ ಬೆರೆಸಿ, ಬಟ್ಟೆಯಲ್ಲಿ ಕಟ್ಟಿ, ಒಲೆಯ ಮೇಲಿನ ತೊಲೆಗೆ ನೇತುಹಾಕುತ್ತಿದ್ದರು. ನಂದಿಬಟ್ಟಲು, ದಾಸವಾಳ, ಕನಕಾಂಬರ ವರ್ಷ ವರ್ಷವೂ ನಿಲ್ಲುವಂಥವು. ಅವುಗಳ ರೆಂಬೆ ಕತ್ತರಿಸಿ ಬುಡಕ್ಕೆ ಗೊಬ್ಬರ ಕೊಡುತ್ತಿದ್ದರು. "ಇವು ಹೋಗಿ ಬರೋ ನೆಂಟರು, ಅವು ಮನೇಲೇ ಇರೋ ಮಂದಿ" ಎನ್ನುತ್ತಿದ್ದರು. ಮಾತಾಡಲು ಮನೆಯಲ್ಲಿ ಯಾರೂ ಇಲ್ಲದೆ ಗಿಡಗಳಿಗೆ ನೆಂಟಸ್ತಿಕೆ ಹಚ್ಚುತ್ತಾಳೆ ಎಂದು ನನ್ನ ಹೆಂಡತಿಯ ಮುಂದೆ ಆಡಿಕೊಂಡು ನಕ್ಕಿದ್ದೆ. ಅವಳು ನಗಲಿಲ್ಲ. ಅವಳ ಜಡೆಯಲ್ಲಿ ಅತ್ತಿಗೆಯ ಹೂವೇ ಇತ್ತು.

ಬೀದಿಯ ಹೆಂಗಸರೆಲ್ಲ ಗೋಡೆಯ ಮೇಲೆ ಕೈಚಾಚಿ ಆ ಹೂವು ಇಸಿದುಕೊಳ್ಳುತ್ತಿದ್ದರು. ದಿನದ ಜಡೆಗೆ, ದೇವರ ಪಟಕ್ಕೆ ಅದು ಆಗುತ್ತಿತ್ತು. ಮದುವೆ, ಸೀಮಂತ ಬಂದರೆ ಮಾತ್ರ ಆಗುತ್ತಿರಲಿಲ್ಲ. ಮುಡಿಯದವಳ ಕೈಯಿಂದ ಶುಭಕ್ಕೆ ಹೂವು ಬರಬಾರದಂತೆ. ಅಂಥ ದಿನ ಬಸ್ಸು ಹತ್ತಿ ತೇನಿಗೆ ಹೋಗಿ ಬಾಡಿದ ಹೂವು ತರುತ್ತಿದ್ದರು. ಆ ಹೂವನ್ನು ಬೆಳೆದವಳು, ಕಟ್ಟಿದವಳು ಯಾರು ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಇಂಥ ಮಂದಿಯ ನಡುವೆ ನಾನು ದೊಡ್ಡ ಮನುಷ್ಯ ಎನಿಸಿಕೊಂಡಿದ್ದೆ.

ನನ್ನ ಮಗಳಿಗೆ ದಿಂಡಿಗಲ್ ಕಡೆಯ ಸಂಬಂಧ ಕೂಡಿಬಂತು. ಸಂಕ್ರಾಂತಿಗೆ ಹುಟ್ಟುವ ತೈ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರವೆಂದು ನಿಶ್ಚಯವಾಯಿತು. ಗಂಡಿನ ಕಡೆಯವರು ತಂದ ಹೂವು ಮುಡಿಸುವ ಮೊದಲು ಹುಡುಗಿಯ ಜಡೆಯಲ್ಲಿ ತವರಿನ ಹೂವು ಒಂದು ಮೊಳ ಇರಬೇಕು ಎನ್ನುವುದು ನಮ್ಮ ಮನೆಗಳ ರೂಢಿ. ಅತ್ತಿಗೆ ಅಂದೇ ನಮ್ಮ ಜಗಲಿಗೆ ಬಂದು ಮಗಳ ಗಲ್ಲ ಹಿಡಿದರು.

"ಕಣ್ಣು, ಆ ಒಂದು ಮೊಳ ನಂದು. ಕನಕಾಂಬರ, ನಡುವೆ ಮರುಗ. ಬಾಗಿಲಿಗೆ ಚೆಂಡುಹೂವು. ಈಗ ಬಿತ್ತಿದ್ರೆ ಸೆರಿಯಾಗಿ ತೈಗೆ ಅರಳ್ತದೆ."

"ಆಮಾ ದೊಡ್ಡಮ್ಮ, ನಿಮ್ಮದೇ ಬೇಕು" ಎಂದು ತಲೆಯಾಡಿಸಿ ಒಪ್ಪಿದಳು ಮಗಳು.

ಅವರು ಬಿತ್ತಿದರು, ಸಸಿ ಕಿತ್ತು ಸಾಲಿಗೆ ನೆಟ್ಟರು, ಕವಲು ಒಡೆಯಲೆಂದು ಕುಡಿ ಚಿವುಟಿದರು. ಅಷ್ಟರಲ್ಲಿ ನನ್ನ ಅಕ್ಕ ತನ್ನ ಗಂಡನ ಊರಿಂದ ಬಂದಳು. "ಅವಳ ಹೂವು ಮುಡಿಸ್ತೀಯಾ? ಗಂಡಿನವರಿಗೆ ತಿಳಿದ್ರೆ ಎದ್ದೋಗ್ತಾರೆ. ಬೇಡ ಅನ್ನೋಕೆ ನಾಲಿಗೆ ಇಲ್ವಾ ನಿನಗೆ?" ಎಂದಳು. ಇರಲಿಲ್ಲ. ಆಡಿಕೊಳ್ಳಲು ನಾಲಿಗೆ ಇತ್ತು, ಬೇಡ ಎನ್ನಲೂ ಇರಲಿಲ್ಲ, ಬೇಕು ಎನ್ನಲೂ ಇರಲಿಲ್ಲ.

ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಮದ್ದು ಹೊಡೆಯುವ ಟ್ಯಾಂಕು ಎರಡಿರುತ್ತವೆ. ಒಂದು ಬಳ್ಳಿಗೆ. ಇನ್ನೊಂದು ಜೋಳದ ಹೊಲದ ಕಳೆ ಸಾಯಿಸುವ ಮದ್ದಿಗೆ. ಕಳೆಮದ್ದಿನ ಟ್ಯಾಂಕಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿರುತ್ತೇವೆ. ತಪ್ಪಿ ಅದನ್ನು ಬಳ್ಳಿಗೆ ಒಯ್ದರೆ, ತಳದಲ್ಲಿ ಉಳಿದಷ್ಟೇ ಸಾಕು, ಚಪ್ಪರವೇ ಮುರುಟಿಹೋಗುತ್ತದೆ. ಇದು ನಮ್ಮ ಕಡೆ ಮಗುವಿಗೂ ಗೊತ್ತು.

ಮೊಗ್ಗು ಕಾಣುವ ಹೊತ್ತಿಗೆ ಗಿಡಗಳಿಗೆ ಬಿಳಿ ಹಿಟ್ಟುಹುಳ ಹತ್ತಿತು. ಬೇವಿನೆಣ್ಣೆ ಹೊಡೆಯುತ್ತೇನೆ, ಟ್ಯಾಂಕು ಕೊಡು ತಮ್ಮಾ ಎಂದು ಅತ್ತಿಗೆ ಗೋಡೆಯ ಆಚೆಯಿಂದ ಕೇಳಿದರು. ನಾನು ಕೊಟ್ಟಿಗೆಗೆ ಹೋದೆ. ಎರಡೂ ಟ್ಯಾಂಕು ಅಕ್ಕಪಕ್ಕ ಇದ್ದವು. ಹಿಂದಿನ ದಿನ ಜೋಳಕ್ಕೆ ಹೊಡೆದು ಬಂದದ್ದನ್ನು ಇನ್ನೂ ತೊಳೆದಿರಲಿಲ್ಲ. ನಾನು ಅದರ ಕೆಂಪು ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಗೋಡೆಯ ಮೇಲಿಂದ ಟ್ಯಾಂಕು ಇಳಿಸಿಕೊಟ್ಟೆ. "ಹುಷಾರು ಅತ್ತಿಗೆ, ಭಾರ ಐತೆ" ಎಂದು ಉಪಚಾರವನ್ನೂ ಹೇಳಿದೆ.

ಬೇವಿನೆಣ್ಣೆಯ ಘಾಟಿನಲ್ಲಿ ಬೇರೆ ವಾಸನೆ ಗೊತ್ತಾಗಲಿಲ್ಲವೇನೋ... ಎರಡು ದಿನಕ್ಕೆ ಚೆಂಡುಹೂವಿನ ಕುಡಿ ಹಗ್ಗದ ಹಾಗೆ ಹೊಸೆದುಕೊಂಡಿತು. ಕನಕಾಂಬರದ ಎಲೆ ಮುರುಟಿತು. ವಾರದೊಳಗೆ ಹಿತ್ತಲೆಲ್ಲ ಕಂದಿ ಮಲಗಿತು. ನಂದಿಬಟ್ಟಲು ಬರಿ ಕೋಲಾಗಿ ನಿಂತಿತು.

ಅತ್ತಿಗೆ ಟ್ಯಾಂಕು ವಾಪಸು ತಂದದ್ದು ಆಮೇಲೆ. ಸೋಪು ಹಾಕಿ ತೊಳೆದು, ಬೋರಲು ಹಾಕಿ ಒಣಗಿಸಿದ್ದರು. ಹಿಡಿಗೆ ಹೊಸ ಕೆಂಪು ಬಟ್ಟೆ ಕಟ್ಟಿತ್ತು. ಅವರ ಮದುವೆಯ ಸೀರೆಯ ಅಂಚು ಇರಬೇಕು, ಬೇರೆ ಕೆಂಪು ಅವರ ಮನೆಯಲ್ಲಿರಲಿಲ್ಲ.

"ಬಟ್ಟೆ ಎಲ್ಲೋ ಬಿದ್ದೋಗಿತ್ತು ತಮ್ಮಾ, ಕಟ್ಟಿದ್ದೀನಿ. ಯಾರಾದ್ರೂ ತಿಳೀದೆ ನಿನ್ನ ಬಳ್ಳಿಗೆ ಹೊಡೆದ್ಬಿಟ್ಟಾರು."

ನನ್ನ ಮುಖವನ್ನು ನೋಡಲಿಲ್ಲ ಅವರು. ಟ್ಯಾಂಕು ಇಟ್ಟು ಹೋದರು.

ಶಾಸ್ತ್ರದ ದಿನ ತೇನಿಯ ಹೂವು ಬಂತು. ಅತ್ತಿಗೆ ಹಿಂದೆ ಗೋಡೆಗೆ ಒರಗಿ ಕೂತಿದ್ದರು. ದೊಡ್ಡಮ್ಮನ ಹೂವೆಲ್ಲಿ ಎಂದು ಮಗಳು ಎಲ್ಲರೆದುರಿಗೆ ಕೇಳಿದಳು. ಗಿಡಕ್ಕೆ ರೋಗ ಬಿತ್ತು ಎಂದೆ. ಅವಳು ಅತ್ತಿಗೆಯ ಕಡೆ ತಿರುಗಿದಳು.

"ಆಮಾ ಕಣ್ಣು, ರೋಗ" ಎಂದರು ಅತ್ತಿಗೆ.

ಆ ಮೇಲೆಯೂ ಅವರು ಬಿತ್ತಿದರು. ನಂದಿಬಟ್ಟಲು ಬೇರಿನಿಂದ ಚಿಗುರಿತು. ಆದರೆ ಗೋಡೆಯ ಮೇಲೆ ನಮ್ಮ ಮನೆಗೆ ಹೂವು ಬರಲಿಲ್ಲ, ನನ್ನ ಹೆಂಡತಿ ಕೇಳಲೂ ಇಲ್ಲ. ಕೆಲವು ವರ್ಷಕ್ಕೆ ಅತ್ತಿಗೆ ತೀರಿಕೊಂಡರು. ಮನೆ ಕೊಂಡವರು ಹಿತ್ತಲಿಗೆಲ್ಲ ಸಿಮೆಂಟು ಹಾಕಿಸಿ ಬೈಕು ನಿಲ್ಲಿಸುತ್ತಾರೆ. ಕಾಯಿ ಸಿಡಿದು ಬೀಜ ಯಾವ ಮಳೆಯಲ್ಲೋ ಗೋಡೆ ಹಾರಿ ಈ ಕಡೆ ಬಿದ್ದಿರಬೇಕು. ನಾನು ಕಾಲು ತೊಳೆದ ನೀರು ಕುಡಿದು ಆ ಗಿಡ ಬದುಕಿದೆ.

ಗಿಡ ಸಿಕ್ಕಿದ್ದನ್ನು ಫೋನಿನಲ್ಲಿ ಮಗಳಿಗೆ ಹೇಳಿದೆ.

"ದೊಡ್ಡಮ್ಮನ ಗಿಡವಾ? ರೋಗ ಬಂದು ಎಲ್ಲಾ ಹೋಯ್ತು ಅಂದಿದ್ಯಲ್ಲಪ್ಪಾ" ಎಂದಳು. "ಒಂದು ಕಿತ್ತಿಡು, ಭಾನುವಾರ ಬಂದು ಒಯ್ತೀನಿ."

ನಾಳೆ ಭಾನುವಾರ. ಗಿಡವನ್ನು ಬೇರಿನ ಮಣ್ಣು ಸಮೇತ ಎಣ್ಣೆಯ ಹಳೆ ಡಬ್ಬಕ್ಕೆ ಇಳಿಸಿದ್ದೇನೆ. ನಾನು ಚಾಮರಾಜನಗರದಲ್ಲಿ ಅತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದಿದವನು, ಅದರಿಂದ ಕನ್ನಡ ಬರೆಯಬಲ್ಲೆ. ಮಗಳಿಗೆ ತಮಿಳು ಬಿಟ್ಟರೆ ಬೇರೆ ಓದು ಬಾರದು. ಅವಳು ಓದಲಾರದ ಅಕ್ಷರದಲ್ಲಿ ಇದನ್ನೆಲ್ಲ ಒಪ್ಪಿಕೊಳ್ಳುತ್ತಿರುವುದು ಎಂಥ ಹೇಡಿತನವೆಂದು ನನಗೆ ಗೊತ್ತಿದೆ. ಯಾರ ಮುಂದೆ ಒಪ್ಪಿಕೊಳ್ಳಬೇಕಿತ್ತೋ ಅವರು ಈಗ ಇಲ್ಲ. ಉಳಿದವಳು ಇವಳೊಬ್ಬಳು.

ಬೆಳಗಿನಿಂದ ಗೋಡೆಯ ಮುಂದೆ ನಿಂತು ಹೇಳಿ ನೋಡಿದೆ. "ಕೆಂಪು ಬಟ್ಟೆ..." ಎನ್ನುವವರೆಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ಕೊಟ್ಟಿಗೆಯಿಂದ ಹಳೆಯ ಟ್ಯಾಂಕು ಇಳಿಸಿ ತಂದೆ. ಬಟ್ಟೆಯ ಬಣ್ಣ ಹೋಗಿದೆ. ಗಂಟು ಅತ್ತಿಗೆಯದೇ, ಅಂದಿನಿಂದ ಬಿಚ್ಚಿಲ್ಲ. ಅದನ್ನು ಜಗಲಿಯ ಮೇಲೆ ಗಿಡದ ಪಕ್ಕದಲ್ಲಿ ಇಟ್ಟಿದ್ದೇನೆ. ಇದೇನಪ್ಪಾ ಎಂದು ಅವಳೇ ಕೇಳಲಿ.