ಹಂಪಕ್ಕನ ಹಬ್ಬು ಶೇಂಗಾ

ಕುರುಗೋಡಿನ ಹಂಪಕ್ಕ ಹಟಮಾರಿ ಎಂದು ಊರೆಲ್ಲ ಹೇಳುತ್ತಿತ್ತು. ಹೇಳಲಿ ಬಿಡಿ. ಹಟ ಮಾಡದಿದ್ದರೆ ಅವಳ ಹೊಲದಲ್ಲಿ ಅವಳ ಬೀಜವೇ ಉಳಿಯುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಗಂಡ ತೀರಿಕೊಂಡ. ಮರುವರ್ಷದ ಮುಂಗಾರಿಗೆ ಮೈದುನ ಪಕ್ಕೀರಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯಿಂದ ಹೊಸ ಶೇಂಗಾ ಬೀಜ ತಂದ. ಹಬ್ಬದೆ ಗುತ್ತಿಯಾಗಿ ಬೆಳೆಯುವ ಜಾತಿ. ಬೇಗ ಬರುತ್ತದೆ, ಕಾಯಿಯೂ ಜಾಸ್ತಿ. ಮನೆಯ ಹಬ್ಬು ಶೇಂಗಾ ನಿಧಾನದ್ದು, ಅತ್ತೆಯ ಕಾಲದಿಂದ ಹಂಪಕ್ಕನೇ ಆರಿಸಿ ಗಡಿಗೆಯಲ್ಲಿ ಕಾಯ್ದಿಟ್ಟದ್ದು. ಇಡೀ ಹೊಲಕ್ಕೆ ಹೊಸದೇ ಆಗಲಿ ಎಂದ ಮೈದುನ. ನನ್ನ ಪಾಲಿನ ಅರ್ಧ ಹೊಲಕ್ಕೆ ಹಳೆಯದೇ ಎಂದಳು ಹಂಪಕ್ಕ.

ಬೀಜವನ್ನು ಉಡಿಯಲ್ಲಿ ಕಟ್ಟಿಕೊಂಡು ನೇಗಿಲ ಹಿಂದೆ ಸಾಲಿಗೆ ಬಿಡುವುದು ಮನೆಯ ಮುತ್ತೈದೆಯ ಕೆಲಸ. ಪಕ್ಕೀರಪ್ಪ ಅದನ್ನೇ ಹಿಡಿದುಕೊಂಡ.

“ಗಂಡ ಇಲ್ಲದಾಕಿ ಉಡಿ ಕಟ್ಟಬಾರ್ದು ಅತ್ತಿಗಿ. ನನ್ನ ಹೇಣ್ತಿ ಬಿತ್ತತಾಳ. ನೀ ಮನ್ಯಾಗ ಕುಂದ್ರು.”

ಹಂಪಕ್ಕನ ಮೈಯೆಲ್ಲ ಉರಿದುಹೋಯಿತು. ಸತ್ತದ್ದು ಗಂಡ, ಅವಳ ಕೈಯಲ್ಲವಲ್ಲ! ಸೀದಾ ಹೊಲಕ್ಕೆ ಹೋಗಿ ಎಲ್ಲರೆದುರೇ ಉಡಿ ಕಟ್ಟಿದಳು. ಆಳು ಹೊನ್ನೂರಪ್ಪ ನೇಗಿಲು ಹಿಡಿಯಲು ಹಿಂದೆಮುಂದೆ ನೋಡಿದ.

“ಎತ್ತು ಹೊಡಿಯಲೇ. ಪಾಪ ಬಂದ್ರ ನನ್ನ ತಲಿಮ್ಯಾಲ ಇರ್ಲಿ” ಎಂದಳು.

ಆ ವರ್ಷ ಮಳೆ ಹದವಾಗಿ ಬಂತು. ಪಕ್ಕೀರಪ್ಪನಿಗೆ ಅವಳದರ ಎರಡರಷ್ಟು ಕಾಯಿ. ಮುಂಡೆಯ ಕೈ ತಗುಲಿದರೆ ಇನ್ನೇನಾದೀತು ಎಂದು ಊರು ನಕ್ಕಿತು. ಹಂಪಕ್ಕನಿಗೆ ಅವಮಾನವಾಯಿತು, ಅತ್ತಳು ಕೂಡ. ಸಿರುಗುಪ್ಪದಾಚೆ ದೇಶನೂರಿನಿಂದ ಅಣ್ಣ ಬಂದು, ಗದ್ದೆಯಿದೆ, ನೀರಿದೆ, ತವರಿಗೆ ಬಂದುಬಿಡು ಎಂದು ಕರೆದ.

“ನನ್ನ ಬೀಜ ಗದ್ದ್ಯಾಗ ಕೊಳೀತೈತಣ್ಣ” ಎಂದವಳು ಅವನಿಗೆ ಉಂಡು ಹೋಗಲು ಹೇಳಿದಳು. ಮುಂದಿನ ಮುಂಗಾರಿಗೂ ಉಡಿ ಕಟ್ಟಿದಳು.

ಆ ಸಲ ಶೇಂಗಾ ಹೂಬಿಟ್ಟ ಹೊತ್ತಿಗೆ ಮಳೆ ಕೈಕೊಟ್ಟಿತು. ಮರುವರ್ಷವೂ ಅದೇ ಗೋಳು. ಪಕ್ಕೀರಪ್ಪನ ಗುತ್ತಿಗಿಡ ಕಾಯಿ ಕಟ್ಟದೆ ಒಣಗಿತು. ಹಬ್ಬು ಶೇಂಗಾ ಮಾತ್ರ ಬಾಡಿ, ಜೀವ ಹಿಡಿದುಕೊಂಡು ನೆಲಕ್ಕಂಟಿ ಕೂತಿದ್ದು, ತಡವಾಗಿ ಬಂದ ಮಳೆಗೆ ಎದ್ದುಕೊಂಡು ಎಂದಿನಷ್ಟೇ ಕೊಟ್ಟಿತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಐವತ್ತೆರಡರ ಮುಂಗಾರಿಗೆ ಪಕ್ಕೀರಪ್ಪ ಚೀಲ ಹಿಡಿದು ಬಾಗಿಲಿಗೆ ಬಂದ.

“ಅತ್ತಿಗಿ, ನನ್ನ ಹೊಲಕ್ಕೂ ಒಂದೀಟು ಬೀಜ ಕೊಡು.”

“ಚೀಲಕ್ಕ ಹಾಕಂಗಿಲ್ಲ. ನಾನೇ ಬಂದು ಬಿತ್ತತೀನಿ.”

“ಊರು ಏನಂದೀತು?”

“ಊರಿಗೂ ಬೀಜ ಬೇಕಾದ್ರ ಕರೀಲಿ. ಅವರ ಹೊಲಾನೂ ಬಿತ್ತತೀನಿ.”

ಪಕ್ಕೀರಪ್ಪ ಬರಿಗೈಲಿ ಹೋದ. ಮರುದಿನ ಬೆಳಗ್ಗೆ ಎತ್ತು ಹೂಡಿಕೊಂಡು ಬಂದು, ಅವಳು ಉಡಿ ಕಟ್ಟಿಕೊಳ್ಳುವ ತನಕ ಬೀದಿಯಲ್ಲೇ ನಿಂತು ಕಾಯ್ದ.